ರಾಗಿ ಕೋಣೆಯ ಕಿಟಕಿ

ಕಳೆದ ಭಾನುವಾರ ಅಟ್ಟ ಗುಡಿಸಲು ಹತ್ತಿದವನು ಒಂದು ತಗಡಿನ ಡಬ್ಬಿ ಹಿಡಿದುಕೊಂಡು ಕೆಳಗಿಳಿದೆ. ಹಳೆಯ ಬಿಸ್ಕತ್ತಿನ ಡಬ್ಬಿ. ಮೇಲಿದ್ದ ಚಿತ್ರವೆಲ್ಲ ಉಜ್ಜಿಹೋಗಿತ್ತು. ಮುಚ್ಚಳ ಬಿಗಿದುಕೊಂಡಿತ್ತೆಂದು ಚಮಚದ ಹಿಡಿ ಕೊಟ್ಟು ಎಬ್ಬಿಸಿದೆ. ಮೂಲೆಯಲ್ಲಿ ಅಂಟಿಕೊಂಡಿದ್ದ ಒಂದಿಷ್ಟು ಕಪ್ಪು ಬೆಲ್ಲ ಬಿಟ್ಟರೆ ಒಳಗೆ ಏನೂ ಇರಲಿಲ್ಲ. ಆದರೆ ಒಣಶುಂಠಿಯ ವಾಸನೆ ಮಾತ್ರ ನಿನ್ನೆ ತಾನೆ ಕುಟ್ಟಿದಷ್ಟು ಖಾರವಾಗಿ ಮೂಗಿಗೆ ಹೊಡೆಯಿತು. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಸವಿತಳಿಗೂ ಅದು ತಲುಪಿರಬೇಕು.

"ಅಪ್ಪನ ಡಬ್ಬಿ ಅಲ್ವಾ ಅದು?" ಅಂದಳು ಅಲ್ಲಿಂದಲೇ.

ಹೂಂ ಅಂದೆ. ನಾಲ್ಕು ವರ್ಷದಿಂದ ಅವಳಿಗೆ ಹೇಳದೆ ಇಟ್ಟುಕೊಂಡಿರುವ ಒಂದು ವಿಷಯವಿದೆ, ಅದು ಈ ಡಬ್ಬಿಗೆ ಸಂಬಂಧಪಟ್ಟದ್ದು. ಈಗಲಾದರೂ ಹೇಳಲೋ, ಡಬ್ಬಿಯನ್ನು ಮತ್ತೆ ಅಟ್ಟಕ್ಕೆ ಸೇರಿಸಲೋ ಎಂದು ತಿಳಿಯದೆ ನಡುಮನೆಯಲ್ಲಿ ನಿಂತೆ. ನಾನು ಹಾಗೆ ನಿಂತಿರುವಷ್ಟರಲ್ಲಿ ನಿಮಗೆ ಅದನ್ನು ಹೇಳಿಬಿಡುತ್ತೇನೆ. ಹೆಂಡತಿಗಿಂತ ನಿಮಗೆ ಹೇಳುವುದು ನನಗೆ ಸುಲಭ.

ನಾನು ಸರ್ವೆ ಇಲಾಖೆಯವನು. ಮದ್ದೂರು ತಾಲ್ಲೂಕಿನ ಹೊಲಗದ್ದೆಗಳನ್ನು ಅಳೆಯುವುದು ನನ್ನ ಕೆಲಸ. ಅಣ್ಣತಮ್ಮಂದಿರು ಒಂದು ಗೇಣು ಬದುವಿಗಾಗಿ ಮಚ್ಚು ಹಿಡಿದು ನಿಂತಾಗ ಅವರ ನಡುವೆ ಟೇಪು ಹಿಡಿದು ನಿಲ್ಲುವವನು ನಾನೇ. ನನ್ನ ಕಣ್ಣು ಅಳತೆ ತಪ್ಪುವುದಿಲ್ಲ ಎಂಬ ಜಂಬ ಮೊದಲಿನಿಂದಲೂ ಇದೆ. ಹುಟ್ಟಿದ್ದು ಕೊತ್ತತ್ತಿಯಲ್ಲಿ. ನಾಲೆಯಲ್ಲಿ ಈಜಿ ಬೆಳೆದದ್ದರಿಂದ ನೀರೆಂದರೆ ನನಗೆ ಲೆಕ್ಕವಿಲ್ಲ ಎಂಬುದು ಇನ್ನೊಂದು ಜಂಬ. ಆ ನಾಲೆಯಲ್ಲಿ ಎಲ್ಲಿ ನಿಂತರೂ ಆಚೆ ದಡ ಕಾಣುತ್ತಿತ್ತು ಎಂಬುದನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ.

ಮದುವೆಯಾದಾಗ ನನಗೆ ಮೂವತ್ತಾರು. ಐದು ವರ್ಷ ಹೆಣ್ಣು ಹುಡುಕಿ, ನಮ್ಮ ಕಡೆ ಹೆಣ್ಣು ಸಿಗದ ಹುಡುಗರು ಕೇಳಿಸಿಕೊಳ್ಳುವ ಮಾತನ್ನೆಲ್ಲ ಕೇಳಿಸಿಕೊಂಡು, ಕೊನೆಗೆ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಲ್ಲಿ ಸವಿತ ಸಿಕ್ಕಳು. ಮದ್ದೂರಿನ ಒಂದು ಶಾಲೆಯಲ್ಲಿ ಗಣಿತದ ಮೇಡಂ. ಇಷ್ಟು ತಡವಾಗಿ ಆದ ಮದುವೆಗೆ ಹನಿಮೂನಾದರೂ ಊರು ಬಾಯಿಬಿಡುವಂಥದ್ದು ಆಗಬೇಕು ಅನ್ನಿಸಿತು. ನನ್ನ ಸ್ನೇಹಿತರೆಲ್ಲ ಊಟಿಗೆ ಹೋಗಿ, ಘಾಟಿಯಲ್ಲಿ ವಾಂತಿ ಮಾಡಿಕೊಂಡು, ಸ್ವೆಟರ್ ಹಾಕಿದ ಫೋಟೋ ತಂದವರು. ಮಂಡ್ಯದ ಒಂದು ಟ್ರಾವೆಲ್ಸ್ ಅಂಗಡಿಯ ಗಾಜಿನೊಳಗೆ ಬಿಳಿಯ ಆಟಿಕೆ ಹಡಗೊಂದು ಇತ್ತು. ಬ್ರಹ್ಮಚಾರಿಯಾಗಿದ್ದಾಗ ಅದರ ಮುಂದೆ ಎಷ್ಟು ಸಲ ನಿಂತಿದ್ದೆನೋ. ಮದುವೆಯಾದ ವಾರಕ್ಕೇ ಒಳಗೆ ನುಗ್ಗಿ, ಚೆನ್ನೈನಿಂದ ಹೊರಟು ಮೂರು ರಾತ್ರಿ ಸಮುದ್ರದಲ್ಲಿದ್ದು ಮತ್ತೆ ಚೆನ್ನೈಗೇ ಬಂದು ಸೇರುವ ಪ್ರಯಾಣಕ್ಕೆ ಹೆಸರು ಬರೆಸಿಬಂದೆ.

"ಎಲ್ಲಿಗೋಗ್ತದೆ ಅದು?" ಅಂತ ಅವ್ವ ಕೇಳಿದಳು.

"ಎಲ್ಲಿಗೂ ಹೋಗಲ್ಲ ಕಣವ್ವ. ಹೋಗಿ ವಾಪಸ್ ಬರ್ತದೆ."

"ಎಲ್ಲಿಗೂ ಓಗ್ದಿರದಕ್ಕೆ ಅಷ್ಟು ದೂರ ಓಗ್ಬೇಕಾ? ಮುದ್ದೆನಾದ್ರೂ ಕೊಟ್ಟಾರಾ ಅಲ್ಲಿ?"

ಅವ್ವನ ಪ್ರಶ್ನೆಗಳಿಗೆ ನಾನು ಸೊಪ್ಪು ಹಾಕಲಿಲ್ಲ. ಸವಿತಳಿಗೆ ಶಾಲೆಯವರು ಮದುವೆಯ ನೆಪಕ್ಕೆ ಹನ್ನೆರಡು ದಿನ ರಜ ಕೊಟ್ಟಿದ್ದರು. ಹಡಗಿಗೆ ಬೇಕಾದದ್ದು ಮೂರು ರಾತ್ರಿ. ಅದಕ್ಕೆ ಮುಂಚೆ ಚೆನ್ನೈ, ಆಮೇಲೆ ಪಾಂಡಿಚೇರಿ, ಅಲ್ಲಿಂದ ರಾಮೇಶ್ವರ ಎಂದು ಜೋಡಿಸುತ್ತ ಹೋಗಿ ಹನ್ನೆರಡು ದಿನವನ್ನೂ ಒತ್ತುವರಿ ಮಾಡಿಬಿಟ್ಟೆ. ನನ್ನ ಸರ್ವೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಯಾವ ದಿನ ಯಾವ ಹೊತ್ತಿಗೆ ಎಲ್ಲಿ ತಿಂಡಿ ಎನ್ನುವವರೆಗೂ ನಕ್ಷೆ ತಯಾರಾಯಿತು. ಮದ್ದೂರಿನಲ್ಲಿ ಚಕ್ರದ ಸೂಟ್‌ಕೇಸು ತೆಗೆದುಕೊಂಡು ಅವ್ವನಿಗೆ ತೋರಿಸಲು ಕೊತ್ತತ್ತಿಗೆ ಒಯ್ದೆವು. ನಮ್ಮ ಬೀದಿಯ ಕೆಸರಿನಲ್ಲಿ ಚಕ್ರ ಉರುಳದೆ ಅದನ್ನು ತಲೆಯ ಮೇಲೆ ಹೊತ್ತು ನಡೆದೆ. ಸವಿತ ಹಿಂದಿನಿಂದ ನಗುತ್ತ ಬಂದಳು.

ಅವತ್ತೇ ಅವ್ವ ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತಿ ನೋಡಿದ್ದು. ನಾನು ತಾರೀಕು ನೋಡುವವನು, ಅವಳು ಮಾಸ ನೋಡುವವಳು.

"ಲೇ, ಇದು ಆಸಾಡ ಕಣ್ಲಾ," ಅಂದಳು. "ಮೊದ್ಲ್ನೇ ಆಸಾಡಕ್ಕೆ ಎಣ್ಣು ತವ್ರುಮನೇಲಿರ್ಬೇಕು. ಬೀಗ್ರಿಗೆ ಮದ್ವೆ ಮನೇಲೇ ಮಾತು ಕೊಟ್ಟಿಲ್ವಾ, ರಜ ಇರೋಗಂಟ ಕಳುಸ್ತೀವಿ ಅಂತ?"

ಕೊಟ್ಟಿದ್ದೆವು. ತಾಂಬೂಲ ಹಿಡಿದು ಕೊಟ್ಟ ಮಾತು. ನನಗೆ ಅದು ಪೂರ್ತಿ ಮರೆತುಹೋಗಿತ್ತು. ಸವಿತ ಸೂಟ್‌ಕೇಸನ್ನು ಗೋಡೆಯ ಕಡೆಗೆ ಸರಿಸಿದಳು. ಅವಳಿಗೆ ಹಡಗಿನ ಆಸೆಯೂ ಇತ್ತು, ಅಪ್ಪನ ನೆನಪೂ ಇತ್ತು.

ಮಾರನೇ ದಿನ ಮಾವನಿಗೆ ಹೇಳಿಕಳಿಸಿದೆವು. ಎರಡು ಬಸ್ಸು ಬದಲಾಯಿಸಿ, ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಕೊತ್ತತ್ತಿಗೆ ಬಂದರು. ಮಾವ ಮಾತು ಕಮ್ಮಿ. ಹೆಂಡತಿ ತೀರಿಕೊಂಡಾಗ ಸವಿತ ಏಳನೇ ಕ್ಲಾಸು. ಹೆಂಗಸರಿಲ್ಲದ ಮನೆಯಲ್ಲಿ ಹೆಣ್ಣುಮಗುವನ್ನು ಹೇಗೆ ಬೆಳೆಸುವುದೆಂದು ತಿಳಿಯದೆ ಮಳವಳ್ಳಿಯ ಹಾಸ್ಟೆಲಿಗೆ ಸೇರಿಸಿದವರು. ಅಲ್ಲಿಂದ ಮಂಡ್ಯದ ಹಾಸ್ಟೆಲು, ಆಮೇಲೆ ಕೆಲಸ. ಅವ್ವ ವಿಷಯವನ್ನೆಲ್ಲ ಬಿಡಿಸಿ ಹೇಳಿ, ಆದದ್ದು ತಪ್ಪೇ, ನೀವು ಹೇಗೆ ಹೇಳಿದರೆ ಹಾಗೆ ಅಂದಳು. ಮಾವ ಟವೆಲಿನಿಂದ ಮುಖ ಒರೆಸಿಕೊಂಡು ಸೂಟ್‌ಕೇಸಿನ ಕಡೆ ನೋಡಿದರು.

"ಆಸಾಡದಲ್ಲಿ ಅತ್ತೆ ಸೊಸೆ ಒಂದೇ ಒಸ್ಲು ದಾಟ್ಬಾರ್ದು ಅಂತ ತಾನೆ ಸಾಸ್ತ್ರ?" ಅಂದರು. "ಹಡಗಲ್ಲಿ ನೀವಿರಕಿಲ್ಲ ಬೀಗ್ತಿ. ಆಮೇಲೂ ಅವ್ರಿರದು ಮದ್ದೂರು ಮನೇಲಿ. ಅದೊಂದ್ ತಿಂಗ್ಳು ನೀವು ಅಲ್ಲಿಗೋಗ್ಬ್ಯಾಡಿ, ಮುಗೀತು. ಓಗ್ಬರ್ಲಿ ಬುಡಿ."

ಎಂಥ ತಲೆ ನಮ್ಮ ಮಾವನದು ಎಂದು ನಾನು ಎರಡು ದಿನ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅವರು ಬಿಟ್ಟುಕೊಟ್ಟದ್ದು ಏನನ್ನು ಎಂದು ಯೋಚಿಸುವ ಗೋಜಿಗೇ ಹೋಗಲಿಲ್ಲ.

ಹೊರಡುವುದಕ್ಕೆ ಒಂದು ವಾರ ಮುಂಚೆ ಟ್ರಾವೆಲ್ಸಿನವರು ಫೋನ್ ಮಾಡಿ, ಹಡಗು ಹತ್ತಲು ಗುರುತಿನ ಚೀಟಿಯ ಅಸಲು ಬೇಕು ಅಂದರು. ಸವಿತಳ ಚೀಟಿ ಪೂರಿಗಾಲಿಯ ಮನೆಯ ಟ್ರಂಕಿನಲ್ಲಿತ್ತು. ಅವಳಿಗೆ ಶಾಲೆ. ನನಗೆ ಹೇಗೂ ಮಳವಳ್ಳಿ ಕಡೆ ಕೆಲಸವಿದ್ದದ್ದರಿಂದ ಒಬ್ಬನೇ ಹೋದೆ. ಮಾವ ಗದ್ದೆಗೆ ಹೋಗಿದ್ದರು. ಪಕ್ಕದ ಮನೆಯ ಕೆಂಪಮ್ಮ ಬೀಗದ ಕೈ ತಂದು ಬಾಗಿಲು ತೆಗೆದಳು.

ಟ್ರಂಕು ರಾಗಿ ಕೋಣೆಯಲ್ಲಿದೆ ಎಂದು ಸವಿತ ಹೇಳಿದ್ದಳು. ಮದುವೆ ಮಾತುಕತೆಗೆ ಬಂದಾಗ ನಾನೂ ಆ ಕೋಣೆಯನ್ನು ನೋಡಿದ್ದೆ. ಗೋಡೆಯುದ್ದಕ್ಕೂ ಮೂಟೆ, ಕತ್ತಲೆ, ಇಲಿಯ ವಾಸನೆ. ಈಗ ಒಳಗೆ ಹೋದರೆ ಬೆಳಕು. ಮೂಟೆ ಒಂದೂ ಇಲ್ಲ. ಪೂರ್ವದ ಗೋಡೆ ಒಡೆದು ಹೊಸ ಕಿಟಕಿ ಕೂರಿಸಿದ್ದರು, ಸಿಮೆಂಟು ಇನ್ನೂ ಹಸಿ ಬಣ್ಣದಲ್ಲಿತ್ತು. ಹೊಸ ಹಗ್ಗ ಹೆಣೆದ ಮಂಚ. ಮೂಲೆಯಲ್ಲಿ ಬೆಲೆಯ ಚೀಟಿ ಕೀಳದ ಪ್ಲಾಸ್ಟಿಕ್ ಬಕೆಟ್ಟು, ಮಗ್ಗು. ಗೋಡೆಗೆ ತಿಳಿಹಸಿರು ಬಣ್ಣ ಬಳಿದಿತ್ತು, ಅದೂ ಅರ್ಧಕ್ಕೆ ಮಾತ್ರ. ಕಸುಬಿನವರು ಮೇಲಿನಿಂದ ಶುರುಮಾಡುತ್ತಾರೆ. ಇಲ್ಲಿ ನೆಲದಿಂದ ಶುರುವಾದದ್ದು ಎದೆಮಟ್ಟಕ್ಕೆ ಬಂದು ನಿಂತಿತ್ತು. ಬ್ರಶ್ಶು ಬಣ್ಣದ ಡಬ್ಬಿಯಲ್ಲೇ ಒಣಗಿ ಕಲ್ಲಾಗಿತ್ತು.

"ಎಲ್ಲಾ ಅವ್ನೇ ಮಾಡ್ದ," ಅಂದಳು ಕೆಂಪಮ್ಮ ಹಿಂದಿನಿಂದ. "ಮದ್ವೆ ಆದ್ ದಿನದಿಂದ ಇದೇ ಕೆಲ್ಸ. ಮಗ್ಳಿಗೆ ಉಪ್ಸಾರು ಅಂದ್ರೆ ಪ್ರಾಣ ಅಂತ ನನ್ನತ್ರ ಖಾರ ಅರಿಯೋದ ಕಲ್ತ. ಮೂರ್ ಸಲ ಅರ್ದು ಮೂರ್ ಸಲನೂ ನಂಗೆ ನೆಕ್ಸವ್ನೆ. ನಿಮ್ಮೂರಿಗೋಗ್ ಬಂದ ದಿನದಿಂದ ಬ್ರಸ್ಸು ಮುಟ್ಟಿಲ್ಲ."

ನಾನು ಏನಾದರೂ ಅನ್ನಬೇಕಲ್ಲ ಎಂದು, ಹಬ್ಬಹುಣ್ಣಿಮೆಗೆ ಅವಳು ಬಂದು ಹೋಗುತ್ತಾಳಲ್ಲ ಅಂದೆ.

"ಬಂದೋಗದೇ ಆಯ್ತು ಕಣಪ್ಪ ಆ ಎಣ್ಗೆ. ಅವ್ರವ್ವ ಓದ್ಮೇಲೆ ಇರಾಕೆ ಅಂತ ಯಾವತ್ ಬಂದವ್ಳೆ?"

ಚೀಟಿ ಸಿಕ್ಕಿತು. ಎಷ್ಟು ಬೇಗ ಅಲ್ಲಿಂದ ಹೊರಬೀಳುತ್ತೇನೋ ಅನ್ನಿಸಿ ಟ್ರಂಕು ಮುಚ್ಚಿ ತಿರುಗಿದರೆ ಬಾಗಿಲಲ್ಲಿ ಮಾವ ನಿಂತಿದ್ದರು. ಕಾಲಿಗೆ ಗದ್ದೆಯ ಕೆಸರು. ನನ್ನನ್ನು ನೋಡಿದರು, ಗೋಡೆಯನ್ನು ನೋಡಿದರು. "ಚೀಟಿ ಸಿಕ್ತಾ?" ಅಂದರು ಅಷ್ಟೆ.

ಬಸ್ಸಿನವರೆಗೂ ಜೊತೆಗೆ ಬಂದರು. ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಾಗ ಟವೆಲಿನೊಳಗಿಂದ ಈ ಡಬ್ಬಿ ತೆಗೆದು ನನ್ನ ಕೈಗಿಟ್ಟರು.

"ಸುಂಠಿ ಬೆಲ್ಲ. ಸಮುದ್ರದಲ್ಲಿ ವಾಂತಿಯಾಯ್ತದಂತೆ. ಬೆಳಿಗ್ಗೆ ಒಂದೊಂದ್ ಚೂರು ಬಾಯ್ಗಾಕಳಿ." ಆಮೇಲೆ ಬಸ್ಸಿನ ಕಡೆ ನೋಡುತ್ತ, "ಕೋಣೆ ವಿಚಾರ ಅವ್ಳ್ಗೆ ಯೋಳ್ಬ್ಯಾಡಿ. ಗೊತ್ತಾದ್ರೆ ಅವ್ಳು ಹಡಗು ಅತ್ತಕಿಲ್ಲ," ಅಂದರು.

ಮಳವಳ್ಳಿಯವರೆಗೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಲೆಕ್ಕ ಬಹಳ ಸರಳವಾಗಿತ್ತು. ಹಡಗನ್ನು ಬಿಡಬೇಕಾಗಿಯೂ ಇರಲಿಲ್ಲ. ಪಾಂಡಿಚೇರಿ, ರಾಮೇಶ್ವರ ಎರಡನ್ನೂ ಹೊಡೆದುಹಾಕಿದರೆ ಆರು ದಿನ ಉಳಿಯುತ್ತಿತ್ತು. ಆರು ದಿನ ಅವಳು ಆ ಕಿಟಕಿಯ ಪಕ್ಕ ಮಲಗಿ ಏಳಬಹುದಿತ್ತು. ಮದ್ದೂರಿಗೆ ಇಳಿದ ತಕ್ಷಣ ಹೇಳಿಬಿಡಬೇಕು ಎಂದುಕೊಂಡೆ. ಮನೆಗೆ ಬಂದರೆ ಸವಿತ ಸೂಟ್‌ಕೇಸು ಬಿಚ್ಚಿ ಹರಡಿಕೊಂಡು ನನ್ನ ನಕ್ಷೆಯ ಪ್ರಕಾರ ದಿನಕ್ಕೊಂದರಂತೆ ಬಟ್ಟೆ ಜೋಡಿಸುತ್ತಿದ್ದಳು. "ರಾಮೇಶ್ವರಕ್ಕೆ ಹಳದಿ ಸೀರೆ ಸಾಕಾ?" ಅಂತ ಕೇಳಿದಳು. ಸಾಕು ಅಂದೆ.

ಅವಳ ಸಂತೋಷ ಕೆಡಿಸಬಾರದೆಂದು ಸುಮ್ಮನಾದೆ ಎಂದು ಬಹಳ ದಿನ ನಂಬಿದ್ದೆ. ಮಾವನೇ ಬೇಡ ಅಂದಿದ್ದರಲ್ಲ ಎಂದೂ ಹೇಳಿಕೊಂಡೆ. ಎರಡೂ ಸುಳ್ಳು. ಮಾವ ಏನೂ ಹೇಳದಿದ್ದರೂ ನಾನು ಬಾಯಿಬಿಡುತ್ತಿರಲಿಲ್ಲ. ನನಗೆ ನನ್ನ ಹನ್ನೆರಡು ದಿನ ಬೇಕಾಗಿತ್ತು.

ಹೋದೆವು. ಹಡಗಿನಲ್ಲಿ ಅವಳಿಗೆ ಏನೂ ಆಗಲಿಲ್ಲ. ನಾಲೆಯ ಈಜುಗಾರನಾದ ನಾನು ಮೊದಲ ದಿನವೇ ಹಾಸಿಗೆ ಹಿಡಿದೆ. ಮಗಳಿಗೆಂದು ಮಾವ ಮಾಡಿಕೊಟ್ಟಿದ್ದ ಶುಂಠಿ ಬೆಲ್ಲದಲ್ಲಿ ಮುಕ್ಕಾಲು ಪಾಲು ತಿಂದವನು ನಾನು. ಮೂರನೇ ದಿನ ಸ್ವಲ್ಪ ಚೇತರಿಸಿಕೊಂಡು ಮೇಲೆ ಹೋದರೆ ಅವಳು ಕಂಬಿ ಹಿಡಿದು ನೀರು ನೋಡುತ್ತಿದ್ದಳು. "ಅಪ್ಪ ಇದನ್ನ ನೋಡ್ಬೇಕಿತ್ತು ಕಣ್ರೀ," ಅಂದಳು. ನಾನು ಇನ್ನೊಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡೆ.

ಗೌರಿ ಹಬ್ಬಕ್ಕೆ ಸವಿತ ಪೂರಿಗಾಲಿಗೆ ಹೋಗಿ ಒಂದು ದಿನವಿದ್ದು ಬಂದಳು. ಅಷ್ಟರಲ್ಲಿ ಮಾವ ಹಸಿರಿನ ಮೇಲೆ ಸುಣ್ಣ ಬಳಿದು ಮೂಟೆಗಳನ್ನು ಮತ್ತೆ ಒಳಗೆ ಸೇರಿಸಿದ್ದರಂತೆ. ಅದು ನನಗೆ ಗೊತ್ತಾದದ್ದು ಆಮೇಲೆ. ಶಿವರಾತ್ರಿ ಕಳೆದ ವಾರ ಮಾವ ಗದ್ದೆಯ ಬದುವಿನ ಮೇಲೆ ಕೂತವರು ಹಾಗೇ ಒರಗಿದರು. ಆಸ್ಪತ್ರೆಗೆ ಒಯ್ಯುವಷ್ಟೂ ಸಮಯವಿರಲಿಲ್ಲ. ಎರಡನೇ ಆಷಾಢವನ್ನು ಅವರು ನೋಡಲಿಲ್ಲ. ಮನೆಯನ್ನು ಈಗ ಸವಿತಳ ದೊಡ್ಡಪ್ಪನ ಮಗ ನೋಡಿಕೊಳ್ಳುತ್ತಾನೆ. ಆ ಕೋಣೆಯಲ್ಲಿ ಅವನ ರಾಗಿ ಇದೆ.

ಇಷ್ಟು ವಿಷಯ. ಡಬ್ಬಿ ಹಿಡಿದು ನಿಂತವನು ಕೊನೆಗೆ ಅವಳನ್ನು ಕರೆದು ಕೂರಿಸಿ, ನಿಮಗೆ ಹೇಳಿದಂತೆಯೇ ಎಲ್ಲವನ್ನೂ ಹೇಳಿದೆ. ರಾಮೇಶ್ವರದ ಲೆಕ್ಕವನ್ನೂ ಬಿಡಲಿಲ್ಲ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದರೆ ಒಳ್ಳೆಯದು ಅಂತಲೂ ಅನ್ನಿಸುತ್ತಿತ್ತು. ಅವಳು ಸೀರೆಯ ಸೆರಗಿಗೆ ಕೈ ಒರೆಸುತ್ತಲೇ ಇದ್ದಳು.

"ಗೌರಿ ಹಬ್ಬಕ್ಕೆ ಹೋದಾಗ ಕಿಟಕಿ ನೋಡಿ ಕೇಳ್ದೆ," ಅಂದಳು. "ರಾಗಿಗೆ ಗಾಳಿಯಾಡ್ಲಿ ಅಂತ ಇಡ್ಸ್ದೆ ಕಣವ್ವ ಅಂದ್ರು. ರಾಗಿಗೆ ಯಾರಪ್ಪ ಕಿಟಕಿ ಇಡುಸ್ತಾರೆ ಅಂತ ನಾನು ನಕ್ಕೆ. ಅವ್ರೂ ನಕ್ಕರು."

ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, "ಯಾವ ಬಣ್ಣ ಅಂದ್ರಿ?" ಅಂತ ಕೇಳಿದಳು.

"ತಿಳಿಹಸಿರು."

"ಎಲ್ಲೀತನಕ ಬಂದಿತ್ತು?"

ನಾನು ಎದ್ದು ನಮ್ಮ ನಡುಮನೆಯ ಗೋಡೆಯ ಹತ್ತಿರ ಹೋಗಿ, ನನ್ನ ಎದೆಯ ಮಟ್ಟಕ್ಕೆ ಅಂಗೈ ಇಟ್ಟು ಇಷ್ಟು ಅಂದೆ.

"ಮಂಚದ ತಲೆ ಕಿಟಕಿ ಕಡೆಗಿತ್ತಾ, ಬಾಗ್ಲು ಕಡೆಗಿತ್ತಾ?"

ಎಷ್ಟು ನೆನಪಿಸಿಕೊಂಡರೂ ಹೊಳೆಯಲಿಲ್ಲ. "ಸರಿಯಾಗಿ ನೋಡ್ಲಿಲ್ಲ," ಅಂದೆ.

"ಊರೋರ ಜಮೀನೆಲ್ಲ ಅಳೀತೀರಿ," ಅಂದಳು. ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ, ಅದಕ್ಕೇ ಇನ್ನೂ ಉರಿಯಿತು. ಆ ಕೋಣೆಯಲ್ಲಿ ಕಳೆಯಬೇಕಿದ್ದ ಅವಳ ಹನ್ನೆರಡು ದಿನಗಳಲ್ಲಿ ಈಗ ಉಳಿದಿರುವುದು ನನ್ನ ಕಣ್ಣಿನೊಳಗೆ ಎಷ್ಟಿದೆಯೋ ಅಷ್ಟೇ. ನಾನೋ, ಅಲ್ಲಿಂದ ಹೊರಬಿದ್ದರೆ ಸಾಕೆಂದು ಅರ್ಧಂಬರ್ಧ ನೋಡಿ ಬಂದವನು.

ಸವಿತ ಎದ್ದು ಬಂದು, ನಾನು ಕೈ ತೆಗೆದ ಜಾಗದಲ್ಲಿ ತನ್ನ ಅಂಗೈ ಇಟ್ಟಳು. ಅದು ಅವಳ ಭುಜದ ಮಟ್ಟಕ್ಕೆ ಬಂತು.

"ಇನ್ನೊಂದ್ಸಲ ಹೇಳಿ," ಅಂದಳು ಗೋಡೆ ನೋಡುತ್ತಲೇ. "ನಿಧಾನಕ್ಕೆ. ಬಾಗ್ಲಿಂದ ಶುರು ಮಾಡಿ."

ನಾನು ಬಾಗಿಲಿನಿಂದ ಶುರುಮಾಡಿದೆ.