ಬೆಕ್ಕಿಗೆ ಕೊಟ್ಟ ಅಡಿಕೆ ಪುಡಿ

ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಯುದ್ಧ ಮುಗಿದ ವರ್ಷದ ಬೇಸಿಗೆ ರಜೆ ಎಂದು ನನ್ನ ನೆನಪು. ಅದರ ಹಿಂದಿನ ವರ್ಷವೂ ಇದ್ದೀತು. ಬೆಕ್ಕಿನ ಬಣ್ಣ ಬೂದಿಯೋ ಕಂದೋ ಹೇಳಲಾರೆ. ಆಗ ಬರೆಯುತ್ತಿದ್ದ ದಿನಚರಿ ಈಗಲೂ ನನ್ನ ಬಳಿ ಇದೆ. ಆ ದಿನದ ಪುಟದಲ್ಲಿರುವುದು ಇಷ್ಟೇ: ‘ನಾಯಿಗೆ ಜಂತುಹುಳದ ಮದ್ದು ಹಾಕಿದೆ. ವಿಪರೀತ ಬಿಸಿಲು.’ ಬೆಕ್ಕಿನ ಮಾತೇ ಇಲ್ಲ. ಮರೆತು ಬಿಟ್ಟದ್ದಲ್ಲ ಅದು.

ನಮ್ಮ ಊರು ಬೇರಿಕೆಗೆ ಎರಡು ಮೈಲಿ. ನಾನು ಬೆಂಗಳೂರಿನಲ್ಲಿ ಬಿ.ಎ. ಓದುತ್ತಿದ್ದೆ. ಮನೆಯಲ್ಲಿ ಅಪ್ಪ, ಅಜ್ಜಿ, ಅಣ್ಣ, ಮದುವೆಯಾಗಿ ಇನ್ನೂ ವರ್ಷ ತುಂಬದ ಅತ್ತಿಗೆ. ಊರಿನ ದನಗಳಿಗೆ ದೊಡ್ಡ ರೋಗ ಬಾರದಂತೆ ಸೂಜಿ ಹಾಕಲು ಹೊಸೂರಿನ ದನದ ಡಾಕ್ಟರು ಬರುವವರಿದ್ದರು. ಅದಕ್ಕೆ ಮೊದಲು ಜನರನ್ನು ಒಪ್ಪಿಸಲೆಂದು ಒಂದು ದಿನ ಸೈಕಲ್ಲಿನಲ್ಲಿ ಬಂದು ನಮ್ಮ ಜಗಲಿಯ ಮೇಲೆ ಕುಳಿತರು. ತಮಿಳಿನವರು. ಕನ್ನಡ ಆಡುತ್ತಾ ಆಡುತ್ತಾ ತಮಿಳಿಗೆ ಹೊರಳುತ್ತಿದ್ದರು.

ದನದ ಮಾತು ಮುಗಿದ ಮೇಲೆ ನಾನು ನಮ್ಮ ನಾಯಿಯ ವಿಷಯ ಕೇಳಿದೆ. ಅವರು ಸಂತೋಷದಿಂದ ಹೇಳಿದರು: ಮರಿಯಾಗಿದ್ದಾಗಿನಿಂದ ಮುದಿಯಾಗುವವರೆಗೆ ವರ್ಷಕ್ಕೆರಡು ಸಲ ಹುಳದ ಮದ್ದು, ಹುಚ್ಚು ಹಿಡಿಯದ ಹಾಗೆ ವರ್ಷಕ್ಕೊಂದು ಸೂಜಿ. ಸೂಜಿಯ ಮದ್ದನ್ನು ಅವರೇ ತರಿಸುತ್ತಾರೆ. ಹುಳಕ್ಕೆ ಮಾತ್ರ ಮನೆಯ ಅಡಿಕೆ ಸಾಕು. ಒಂದು ದಿನ ಉಪವಾಸ ಕೆಡವಿ, ಬೆಳಿಗ್ಗೆ ಅಡಿಕೆ ಪುಡಿಯನ್ನು ಹಾಲಿನಲ್ಲಿ ಕದಡಿ ಕುಡಿಸಿ, ಆಮೇಲೆ ಹರಳೆಣ್ಣೆ.

ಅಜ್ಜಿ ಒಳಗಿನಿಂದಲೇ ಅಂದಳು: “ದನಕ್ಕಾಯ್ತು, ಇನ್ನ ನಾಯ್ಗೂ ಸೂಜಿಯಾ? ನಾಳೆ ನಮ್ ಕೋಳೀನೂ ನಾಡಿ ತೋರ್ಸಕ್ಕೆ ಬತ್ತವೆ, ಕುಂತಿರಪ್ಪಾ.”

ಡಾಕ್ಟರು ನಕ್ಕರು. “ರೋಗ ಬಂದ್ಮೇಲೆ ನಾನು ಎದುಕ್ಕು ಪಾಟ್ಟಿ, ಯಾಕಜ್ಜಿ? ಬರಕ್ಕೆ ಮುಂಚೆ ಕರೀಬೇಕು.”

ಆ ಮಾತು ನನ್ನ ತಲೆಗೆ ಹತ್ತಿತು. ಬರುವ ಮುಂಚೆ! ಇಡೀ ಊರಿಗೆ ತಿಳಿಯದ್ದು ನನಗೊಬ್ಬಳಿಗೆ ತಿಳಿಯಿತು ಅನ್ನಿಸಿತು.

ಎರಡು ದಿನ ಬಿಟ್ಟು ಅಡಿಕೆ ಕುಟ್ಟಿಸಿದೆ. ಕುಟ್ಟಿಕೊಟ್ಟವಳು ಅತ್ತಿಗೆ, ಅಜ್ಜಿಯ ಎಲೆಯಡಿಕೆಯ ಕುಟ್ಟಾಣಿಯಲ್ಲಿ. ನಾಯಿಗೆ ಕುಡಿಸುವಾಗ ಅಣ್ಣ ಅದರ ಬಾಯಿ ಹಿಡಿದ. ಅದಕ್ಕೆ ಏನೂ ಆಗಲಿಲ್ಲ, ಹುಳ ಬಿದ್ದವು. ಅಪ್ಪ ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, “ನಮ್ ಮಗಳು ಡಾಕ್ಟ್ರಾಗೋಗವ್ಳೆ ಕಣ್ಲಾ” ಅಂದರು. ಬಟ್ಟಲಲ್ಲಿ ಪುಡಿ ಇನ್ನೂ ಉಳಿದಿತ್ತು. ಹೊಗಳಿಕೆಯೂ ಇನ್ನಷ್ಟು ಬೇಕೆನಿಸಿತ್ತೋ ಏನೋ. ಹಿತ್ತಿಲಿನಲ್ಲಿ ಯಾರೂ ಇಲ್ಲದಾಗ ಬೆಕ್ಕನ್ನು ಸೆರಗಿನಲ್ಲಿ ಸುತ್ತಿ ಹಿಡಿದು, ಉಳಿದದ್ದನ್ನು ಹಾಲಿನಲ್ಲಿ ಕಲಸಿ ಬಾಯಿಗೆ ಹಾಕಿದೆ.

ಬೆಕ್ಕು ಜೊಲ್ಲು ಸುರಿಸಿತು. ಉಸಿರಿಗೆ ಒದ್ದಾಡಿತು. ಮಧ್ಯಾಹ್ನದ ಊಟದ ಹೊತ್ತಿಗೆ ರಾಗಿ ಕಣಜದ ಪಕ್ಕದಲ್ಲಿ ಸತ್ತು ಬಿದ್ದಿತ್ತು. ಇಲಿ ಕಾಯಲು ಅಜ್ಜಿ ಸಾಕಿದ್ದ ಬೆಕ್ಕು.

ಹಿಂದಿನ ದಿನ ಅದು ಹಾಲಿನ ಗಡಿಗೆ ಉರುಳಿಸಿದ್ದಕ್ಕೆ ಅತ್ತಿಗೆ ಊದುಗೊಳವೆ ಬೀಸಿದ್ದಳು. ಅಜ್ಜಿ ಅದನ್ನು ಕಂಡಿದ್ದಳು.

“ನೆನ್ನೆ ಊದುಗೊಳವೇಲಿ ಬಡ್ದಲ್ಲ, ಆ ಏಟು ಒಳಿಕ್ಕೆ ಬಿದ್ದೈತೆ. ಕೊಂದ್ಬುಟ್ಟೆ ಕಣೆ.”

“ಬಾಲಕ್ಕೆ ತಗಲ್ತು ಅಷ್ಟೆ ಅಜ್ಜಿ. ಆಮ್ಯಾಕೂ ಆಡ್ಕೊಂಡಿತ್ತು.”

“ಆಡ್ಕೊಂಡಿದ್ದದ್ದು ಯಾಕೆ ಸಾಯ್ತದೆ? ಬೆಕ್ಕಿನ ಪಾಪ ಏನಂತ ಗೊತ್ತೇನೇ ನಿಮ್ಮೂರಾಗೆ?”

ಆಗ ಅತ್ತಿಗೆ ನನ್ನ ಕಡೆ ನೋಡಿದಳು. ನೋಡಿದಳೆಂದು ನೆನಪು, ಆದರೆ ನಾನು ತಲೆ ತಗ್ಗಿಸಿ ನಿಂತಿದ್ದೆನಲ್ಲ, ಅದು ನನಗೆ ಹೇಗೆ ಗೊತ್ತಾಯಿತು?

ಏಕೆ ಸುಮ್ಮನಿದ್ದೆ ಎಂಬುದಕ್ಕೆ ಬಹಳ ವರ್ಷ ಒಂದು ಸಮಾಧಾನ ಇಟ್ಟುಕೊಂಡಿದ್ದೆ. ಮಾರನೆಯ ದಿನ ದನಗಳಿಗೆ ಸೂಜಿ. ಡಾಕ್ಟರು ಹೇಳಿದ ಮದ್ದಿನಿಂದ ಬೆಕ್ಕು ಸತ್ತಿತು ಎಂದು ಹಬ್ಬಿದರೆ ಒಬ್ಬರೂ ದನ ಹೊಡೆದುಕೊಂಡು ಬರುತ್ತಿರಲಿಲ್ಲ, ಊರಿನ ದನ ಉಳಿಯಲೆಂದು ಬಾಯಿ ಮುಚ್ಚಿಕೊಂಡೆ ಎಂದು. ಸುಳ್ಳು. ದನಗಳಿಗೆಲ್ಲ ಸೂಜಿ ಹಾಕಿ ಡಾಕ್ಟರು ಹೋದ ಮೇಲೂ ನಾನು ಹೇಳಲಿಲ್ಲ. ಕಾಲೇಜಿಗೆ ಹಿಂತಿರುಗುವವರೆಗೂ ಹೇಳಲಿಲ್ಲ.

ಬೆಕ್ಕು ಕೊಂದವರು ಬೆಳ್ಳಿಯ ಬೆಕ್ಕು ಮಾಡಿಸಿ ದಾನ ಕೊಡಬೇಕೆಂದು ಅಜ್ಜಿ ಹಟ ಹಿಡಿದಳು. ಅತ್ತಿಗೆಯ ಬಳಿ ಇದ್ದ ಬೆಳ್ಳಿಯೆಂದರೆ ಕಾಲುಂಗುರ, ಅವಳ ತಾಯಿ ಮದುವೆಯಲ್ಲಿ ಕೊಟ್ಟ ಕುಂಕುಮದ ಭರಣಿ. ಭರಣಿಯನ್ನು ಬೇರಿಕೆಯ ಅಕ್ಕಸಾಲಿಗ ಕರಗಿಸಿದ. ಹೆಬ್ಬೆರಳಿನಷ್ಟು ಬೆಕ್ಕು ಬಂತು. ಅತ್ತಿಗೆ ತಲೆಗೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಗುಡಿ ಸುತ್ತಿ, ಅದನ್ನು ಪೂಜಾರಿಯ ಕೈಗೆ ಇಟ್ಟಳು. ನಾನು ಅವಳ ಪಕ್ಕದಲ್ಲಿ ಹೂವಿನ ತಟ್ಟೆ ಹಿಡಿದು ನಿಂತಿದ್ದೆ. ಮುಂದೆ ಎಷ್ಟೋ ಕಾಲ ಅವಳ ಕುಂಕುಮ ಇರುತ್ತಿದ್ದದ್ದು ಹಲ್ಲುಪುಡಿಯ ತಗಡಿನ ಡಬ್ಬಿಯಲ್ಲಿ.

ಡಾಕ್ಟರು ಬೆಕ್ಕಿನ ವಿಷಯ ಏನೂ ಹೇಳಿರಲಿಲ್ಲ ಎಂದೇ ನಂಬಿಕೊಂಡಿದ್ದೆ. ಹಾಗಿದ್ದರೆ ನನ್ನದು ತಿಳಿಯದೆ ಆದ ತಪ್ಪು. ಆದರೆ ಈಚೆಗೆ ಒಂದು ಮಾತು ಕಿವಿಯಲ್ಲಿ ಕೇಳುತ್ತದೆ. ಡಾಕ್ಟರು ಸೈಕಲ್ ಹತ್ತುತ್ತಾ ತಿರುಗಿ, “ಪೂನೈಕ್ಕು ವೇಣ್ಡಾಮ್ಮಾ,” ಬೆಕ್ಕಿಗೆ ಬೇಡ, ಅಂದ ಹಾಗೆ. ನಾನೇ ಕಟ್ಟಿಕೊಂಡ ಮಾತಾಗಿದ್ದರೆ ಅದು ಕನ್ನಡದಲ್ಲಿ ಬರಬೇಕಿತ್ತಲ್ಲವೆ? ಅಥವಾ ತಪ್ಪಿತಸ್ಥ ಮನಸ್ಸು ಅಷ್ಟು ಜಾಣತನವನ್ನೂ ಮಾಡುತ್ತದೆಯೋ?

ಅಪ್ಪ, ಅಜ್ಜಿ, ಅಣ್ಣ ಈಗಿಲ್ಲ. ಅವತ್ತು ಡಾಕ್ಟರು ಹೊರಟಾಗ ಮಜ್ಜಿಗೆಯ ಚೊಂಬು ತೆಗೆದುಕೊಳ್ಳಲು ಬಾಗಿಲಿಗೆ ಬಂದಿದ್ದವಳು ಅತ್ತಿಗೆ. ಕಳೆದ ಸಲ ಊರಿಗೆ ಹೋದಾಗ ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ಎದುರಿಗೆ ಕುಳಿತು, ಬೆಕ್ಕಿಗೆ ಅಡಿಕೆ ಪುಡಿ ಹಾಕಿದವಳು ನಾನು ಎಂದೆ. ಅವಳ ಕೈ ನಿಲ್ಲಲಿಲ್ಲ. ಅವಳಿಗೆ ಅದು ಹೊಸದೆಂದು ನನಗನ್ನಿಸಲಿಲ್ಲ. “ಅಮ್ಮಣ್ಣೀ, ಆ ಮೊರ ಇತ್ಲಾಗೆ ನೂಕು” ಎಂದಳು. ನೂಕಿದೆ. ನೂಕಿ, ಕೇಳಿದೆ:

“ಅತ್ತಿಗೆ, ಬೆಕ್ಕಿಗೆ ಬೇಡ ಅಂತ ಡಾಕ್ಟ್ರು ಅಂದಿದ್ದು ನಿಂಗೆ ಕೇಳಿಸಿತ್ತಾ?”