ಸೈಕಲ್ ರ‍್ಯಾಕಿನ ಪಿನ್ನು

2013ರಲ್ಲಿ ಉಪ್ಪಳದ ಹೆದ್ದಾರಿ ಬದಿಯಲ್ಲಿ ನನ್ನ ವೆಲ್ಡಿಂಗ್ ಶಾಪ್ ಇತ್ತು, ಅದರ ಹಿಂದೆಯೇ ಮನೆ. ಇಪ್ಪತ್ತು ವರ್ಷ ಊರಿನವರಿಗೆ ಗೇಟು, ಗ್ರಿಲ್ ಮಾಡಿಕೊಟ್ಟಿದ್ದೆ. ಆ ವರ್ಷ ನಮ್ಮದೇ ವ್ಯಾನಿಗೆ ಒಂದು ಸೈಕಲ್ ರ‍್ಯಾಕ್ ಮಾಡಿದೆ.

ಮಗಳು ಶ್ರುತಿ ಕಾಲೇಜಿನ ಪರವಾಗಿ ಸೈಕಲ್ ರೇಸಿಗೆ ಹೋಗುತ್ತಿದ್ದಳು. ಹೆಂಡತಿ ಸುಮತಿ ಗಾಲಿಕುರ್ಚಿಯಲ್ಲಿದ್ದಳು, ಹೃದಯವೂ ದುರ್ಬಲ. ವ್ಯಾನಿನ ಹಿಂಬಾಗಿಲಿಗೆ ಹಲಗೆ ಇಟ್ಟು ಕುರ್ಚಿ ಸಮೇತ ಅವಳನ್ನು ಹತ್ತಿಸುತ್ತಿದ್ದೆವು. ಹಾಗಾಗಿ ಸೈಕಲ್ ಹಿಂದೆ ನಿಲ್ಲಬೇಕು, ಬಾಗಿಲೂ ತೆರೆಯಬೇಕು.

ವ್ಯಾನಿನ ಅಡಿಯ ಚೌಕಟ್ಟಾದ ಚಾಸಿಗೆ ಬೋಲ್ಟ್ ಹಾಕಿ ಕೂರಿಸುವ ಚೌಕ ಕೊಳವೆಗೆ ಹಿಚ್ ಎನ್ನುತ್ತಾರೆ. ಅದರಲ್ಲಿ ರ‍್ಯಾಕನ್ನು ಬಿಗಿಯಾಗಿ ನಿಲ್ಲಿಸಿದರೆ ಬಾಗಿಲು ಮುಚ್ಚಿಹೋಗುತ್ತದೆ. ಹಿಂದಕ್ಕೆ ಬಾಗುವಂತೆ ಮಾಡಿದರೆ ಹಲಗೆಗೆ ಜಾಗವಿಲ್ಲ. ಕೊನೆಗೆ ಗೇಟಿನಂತೆ ಪಕ್ಕಕ್ಕೆ ತಿರುಗುವ ರ‍್ಯಾಕ್ ಆರಿಸಿಕೊಂಡೆ. ಕಡಲ ಗಾಳಿಗೆ ತುಕ್ಕು ಹಿಡಿದು ಕಚ್ಚಿಕೊಳ್ಳಬಾರದೆಂದು ರ‍್ಯಾಕ್ ತಿರುಗುವ ಪಿನ್ನಿನ ತೂತನ್ನು ಕೂದಲೆಳೆಯಷ್ಟು ದೊಡ್ಡದಾಗಿ ಕೊರೆದೆ. ಕೆಲಸ ಸರಿಯಾಗಿಯೇ ಇತ್ತು. ಆದರೆ ಓಡುವಾಗ ಅದು ಕಟಕಟ ಅನ್ನುತ್ತಿತ್ತು.

ಪಕ್ಕದ ಅಂಗಡಿಯ ಹಮೀದ್ ಕಾಕ ತಮಾಷೆ ಮಾಡಿದರು. "ಎಂತ ಮಾರಾಯ, ವೆಲ್ಡರನ ಗಾಡಿಯೇ ಹೀಗೆ ಬಡ್ಕೊಂಡ್ರೆ ನಿನ್ನ ಗೇಟು ಯಾರು ತಗೊಳ್ಳೋದು?"

ಸುಮತಿ ನಕ್ಕಳು. "ಇರ್ಲಿ ಕಾಕ. ಇವರು ಬರೋದು ನಂಗೆ ತಿರುವಿನಲ್ಲೇ ಗೊತ್ತಾಗ್ತದೆ."

ನನಗೆ ನಗು ಬರಲಿಲ್ಲ. ಅಲುಗುವ ಕಬ್ಬಿಣ ಕಂಡರೆ ನಮ್ಮ ಕೆಲಸದವರ ಕೈ ಸುಮ್ಮನಿರುವುದಿಲ್ಲ. ರೇಸಿಗೆ ಹೊರಡುವ ಮುನ್ನಾದಿನ ಪಿನ್ನಿಗೆ ಒಂದು ಟ್ಯಾಕ್ ಹಾಕಿದೆ. ಟ್ಯಾಕ್ ಎಂದರೆ ತಾತ್ಕಾಲಿಕವಾಗಿ ಹಿಡಿದಿಡುವ ಒಂದು ಚುಕ್ಕೆ ವೆಲ್ಡಿಂಗ್. ಸುಮತಿ ರೇಸಿಗೆ ಬರುವವಳಲ್ಲ, ತಿರುಗಿ ಬಂದ ಮೇಲೆ ಗ್ರೈಂಡರಿನಲ್ಲಿ ಉಜ್ಜಿ ತೆಗೆದರಾಯಿತು ಎಂದುಕೊಂಡೆ. ರೇಸ್ ಮುಗಿಸಿ ಸದ್ದಿಲ್ಲದೆ ಮನೆಗೆ ಬಂದೆವು. ಟ್ಯಾಕ್ ತೆಗೆಯುವುದನ್ನು ನಾಳೆಗೆ ಬಿಟ್ಟೆ.

ಮರುದಿನ ಬೆಳಿಗ್ಗೆ ಸುಮತಿಗೆ ಉಸಿರು ಕಟ್ಟತೊಡಗಿತು. ಕುರ್ಚಿ ತಳ್ಳಿಕೊಂಡು ವ್ಯಾನಿನ ಹಿಂದೆ ಬಂದೆವು. ಹಮೀದ್ ಕಾಕ ಓಡಿ ಬಂದು ರ‍್ಯಾಕ್ ಎಳೆದರು. ಅದು ಕದಲಲಿಲ್ಲ.

"ಇದಕ್ಕೆ ಯಾರು ವೆಲ್ಡ್ ಮಾಡಿದ್ದು?"

ಕರೆಂಟ್ ಇರಲಿಲ್ಲ, ಗ್ರೈಂಡರ್ ಓಡುವಂತಿರಲಿಲ್ಲ. ಗರಗಸ ತೆಗೆದುಕೊಂಡೆ.

"ನಾನು ಆಟೋ ತರ್ತೇನೆ, ಎತ್ತಿ ಕೂರಿಸುವ," ಎಂದರು ಕಾಕ.

"ಬೇಡ, ಎರಡೇ ನಿಮಿಷ," ಎಂದೆ.

ಎತ್ತಿದರೆ ಅವಳಿಗೆ ಉಸಿರಾಟ ಇನ್ನೂ ಕಷ್ಟ ಎಂಬುದು ನಿಜ. ಆದರೆ ಅದಕ್ಕಾಗಿ ಮಾತ್ರ ಬೇಡ ಅಂದದ್ದಲ್ಲ. ನಾನು ಹಾಕಿದ್ದನ್ನು ನಾನು ಬಿಡಿಸಬಲ್ಲೆ ಎಂಬ ಹಟ. ಇಪ್ಪತ್ತು ನಿಮಿಷ ಬೇಕಾಯಿತು. ನನ್ನ ಟ್ಯಾಕ್ ಅಷ್ಟು ಗಟ್ಟಿಯಾಗಿತ್ತು. ಸುಮತಿ ಕುರ್ಚಿಯ ಕೈ ಹಿಡಿದುಕೊಂಡು ಗರಗಸವನ್ನೇ ನೋಡುತ್ತಿದ್ದಳು.

ಆಸ್ಪತ್ರೆಯ ದಾರಿಯಲ್ಲಿ, ತಲಪಾಡಿ ದಾಟುವ ಮೊದಲೇ ಅವಳು ಹೋದಳು.

ಬೇಗ ಹೊರಟಿದ್ದರೂ ಉಳಿಯುತ್ತಿರಲಿಲ್ಲವೇನೋ ಎಂದು ಡಾಕ್ಟರ್ ಹೇಳಿದರು. ಬಂದವರೆಲ್ಲ ಹಣೆಬರಹ ಎಂದರು. ಹಮೀದ್ ಕಾಕ ಮಾತ್ರ ಹಾಗೆನ್ನಲಿಲ್ಲ. ಶ್ರುತಿ ಸೈಕಲ್ ಮಾರಿದಳು.

ಆಮೇಲೆ ಆರು ವರ್ಷ ಅದೇ ಶಾಪ್ ನಡೆಸಿದೆ. ಗೇಟು ಸದ್ದು ಮಾಡುತ್ತದೆ, ಸ್ವಲ್ಪ ಬಿಗಿ ಮಾಡಿಕೊಡಿ ಎಂದು ಜನ ಬರುತ್ತಿದ್ದರು. ಎಣ್ಣೆ ಹಾಕಿ ಕಳಿಸುತ್ತಿದ್ದೆ. ತೆರೆಯಬೇಕಾದ್ದಕ್ಕೆ ಅಲುಗಲು ಜಾಗ ಬಿಡಬೇಕು ಎಂಬುದು ನನಗೆ ಕೆಲಸ ಕಲಿತ ಮೊದಲ ವಾರದಲ್ಲೇ ಗೊತ್ತಿತ್ತು. ಈಗ ವ್ಯಾನಿನ ರ‍್ಯಾಕ್ ಮೊದಲಿನಂತೆ ಕಟಕಟ ಅನ್ನುತ್ತದೆ. ತಿರುವಿನಲ್ಲಿ ಅದನ್ನು ಕೇಳುವವರು ಯಾರೂ ಇಲ್ಲ.