ಯಶೋದಮ್ಮನ ಗಿಡ್ಡ ಹಸುಗಳು

ಕೆಂಗೇರಿಯಿಂದಾಚೆ, ರೈಲು ಹಳಿಯ ಪಕ್ಕದಲ್ಲಿ ಯಶೋದಮ್ಮನ ಮನೆಗೆ ಉಳಿದಿದ್ದದ್ದು ಹನ್ನೆರಡು ಗುಂಟೆ. ಮಿಕ್ಕ ಹೊಲವೆಲ್ಲ ಮಾವನ ಕಾಲದಲ್ಲೇ ಲೇಔಟ್ ಆಗಿ ಹೋಗಿತ್ತು. ಗಂಡ ಕೆಂಚಪ್ಪ ನಾಯಂಡಹಳ್ಳಿಯ ಗೋಡೌನೊಂದರಲ್ಲಿ ವಾಚ್‌ಮನ್. ಮೈದುನ ವೆಂಕಟಗಿರಿ ಸೈಟ್ ಬ್ರೋಕರ್. ಆ ಹನ್ನೆರಡು ಗುಂಟೆಯನ್ನೂ ಮಾರೋಣ ಎಂದು ಅವನು, ನನ್ನ ಉಸಿರಿರೋವರೆಗೂ ಇಲ್ಲ ಎಂದು ಇವಳು. ಕೆಂಚಪ್ಪ ಇಬ್ಬರ ಮಾತಿಗೂ ಹೂಂಗುಟ್ಟುತ್ತಿದ್ದ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಅವಳ ಸೀಮೆ ಹಸು ಹೊಟ್ಟೆಯುಬ್ಬಿ ಸತ್ತಿತು. ಡಾಕ್ಟರು ಕೊಯ್ದು ನೋಡಿದರೆ ಒಳಗೆ ಮಂಕರಿ ತುಂಬುವಷ್ಟು ಪ್ಲಾಸ್ಟಿಕ್ ಕವರು. ಹುಲ್ಲಿಲ್ಲದ ಊರಲ್ಲಿ ಆನೆಯಂಥ ಹಸು ಕಟ್ಟಿ, ಹೊಟ್ಟೆಗೆ ಸಾಲದೆ ಬೀದಿಗೆ ಬಿಟ್ಟಿದ್ದಳು. ಯಾರನ್ನು ಬೈಯುವುದು?

"ಇಷ್ಟೇ ಜಾಗ ಇದ್ರೆ ಮಲೆನಾಡು ಗಿಡ್ಡ ಕಟ್ಕೊಳಮ್ಮ," ಡಾಕ್ಟರು ಕೈ ತೊಳೆಯುತ್ತ ಅಂದರು. "ನಿಂತ್ರೆ ನಿನ್ನ ಸೊಂಟಕ್ಕೆ ಬರುತ್ತೆ ಅಷ್ಟೆ. ಇದೊಂದು ತಿನ್ನೋ ಮೇವಲ್ಲಿ ಅಂಥವು ಎರಡು ಮೂರು ಸಾಕ್ಬಹುದು. ಹಾಲು ಕಮ್ಮಿ, ರೋಗಾನೂ ಕಮ್ಮಿ."

ಗಿಡ್ಡ ಹಸು ಹುಡುಕಿಕೊಂಡು ಅವಳು ವೆಂಕಟಗಿರಿಯ ಜೊತೆ ಸಕಲೇಶಪುರದ ಕಡೆ ಹೋದಳು. ಅಲ್ಲೊಬ್ಬರು ಮಂದೆಯನ್ನೇ ತೆಗೆದುಹಾಕುತ್ತಿದ್ದರು. ವೆಂಕಟಗಿರಿಯ ಕಣ್ಣು ಎಲ್ಲಕ್ಕಿಂತ ಕುಳ್ಳಗಿದ್ದ, ಬಿಳಿ ಮುಖದ ಕಡಸಿನ ಮೇಲೆ ಬಿತ್ತು.

"ಇದನ್ನ ಬಿಡ್ಬೇಡಿ ಅತ್ತಿಗೆ, ಬೊಂಬೆ ಥರ ಇದೆ. ಜನ ನಿಂತು ನೋಡ್ತಾರೆ."

"ನೋಡೋಕಲ್ಲ ಕಣೋ, ಸಾಕೋಕೆ."

ಅವಳು ಒಂದೊಂದರ ಬಾಯಿ ಬಿಡಿಸಿ ಹಲ್ಲು ನೋಡಿದಳು, ಗೊರಸು ಎತ್ತಿ ನೋಡಿದಳು. ಕರೆಯುವ ಹಸುಗಳ ನಾಲ್ಕೂ ಮೊಲೆ ತಾನೇ ಹಿಂಡಿದಳು. ಹಿಂದೆ ನಿಂತು ಬಕೆಟ್ ಬಡಿದು, ಯಾವುದು ಒದೆಯುತ್ತದೆ, ಯಾವುದು ಕಿವಿ ಮಾತ್ರ ಆಡಿಸುತ್ತದೆ ಎಂದು ಕಾದಳು. ಕೊನೆಗೆ ಚೀಲ ಬಿಚ್ಚಿ, ಮನೆಯಿಂದ ತಂದಿದ್ದ ಒಣ ರಾಗಿಹುಲ್ಲು ಹಾಕಿದಳು. ಹಸಿರು ಮೇದು ಬೆಳೆದ ಬೊಂಬೆ ಮೂಸಿ ಮುಖ ತಿರುಗಿಸಿತು. ಕಂದು ಬಣ್ಣದ್ದೊಂದು, ಹಣೆಯಲ್ಲಿ ಮಚ್ಚೆಯಿದ್ದದ್ದೊಂದು ಮಾತ್ರ ಬಾಯಿ ಹಾಕಿದವು. ಅವೆರಡನ್ನು ಟೆಂಪೋಗೆ ಹತ್ತಿಸಿದಳು. ಒಂದಕ್ಕೆ ಕೆಂದಿ ಎಂದು, ಇನ್ನೊಂದಕ್ಕೆ ಮಚ್ಚೆ ಎಂದು ದಾರಿಯಲ್ಲೇ ಹೆಸರಾಯಿತು.

"ಇದು ಹಸುನೋ ಮೇಕೆನೋ?" ಎಂದು ಲೇಔಟಿನವರು ನಕ್ಕರು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ತೆಂಗಿನ ಸಾಲಿನ ನಡುವೆ ಹುಲ್ಲು ಹಾಕಿದಳು, ಬೇಲಿಗೆ ಅಗಸೆ ನೆಟ್ಟಳು, ಚಳಿಗಾಲ ಬಂದರೆ ಮಾರ್ಕೆಟ್ಟಿನಿಂದ ಅವರೆಕಾಯಿ ಸಿಪ್ಪೆ ಹೊತ್ತು ತಂದಳು. ಬೀದಿಗೆ ಒಂದು ದಿನವೂ ಬಿಡಲಿಲ್ಲ. ಗೊರಸು ಜಾರಬಾರದೆಂದು ಕೊಟ್ಟಿಗೆಗೆ ಸಿಮೆಂಟು ಹಾಕಿಸದೆ ಮಣ್ಣು ನೆಲವನ್ನೇ ಬಡಿದು ಗಟ್ಟಿ ಮಾಡಿದಳು. ಹಾಲು ಮನೆಗಾಗಿ ಪಕ್ಕದವರಿಗೆ ಒಂದಿಷ್ಟು ಉಳಿಯುತ್ತಿತ್ತು, ಅಷ್ಟೇ. ಸಂಜೆ ಎರಡರ ನಡುವೆ ಕೂತು ಅವುಗಳ ಕುತ್ತಿಗೆಯಡಿಯ ಗಂಗೆದೊಗಲು ನೀವುವಾಗ, ತನ್ನ ಕೈಗೆಟಕುವಷ್ಟೇ ದೊಡ್ಡದಾದ ಬದುಕೊಂದು ಕಡೆಗೂ ಸಿಕ್ಕಿತಲ್ಲ ಅನ್ನಿಸುತ್ತಿತ್ತು.

ಆ ಬದುಕಿಗೆ ಕಣ್ಣು ಬಿದ್ದದ್ದು ಮೈದುನನದೇ. ಅವನಿಂದ ಸೈಟು ಕೊಂಡವರೊಬ್ಬರ ಗೃಹಪ್ರವೇಶಕ್ಕೆ ಕೆಂದಿಯನ್ನು ಕೇಳಿದ. ಒಳ್ಳೆ ಕೆಲಸಕ್ಕಲ್ಲವೇ ಎಂದು ಅವಳೇ ಅರಿಶಿನ ಕುಂಕುಮ ಹಚ್ಚಿ ಕರೆದೊಯ್ದಳು. ಆಮೇಲೆ ಅದೇ ಅಭ್ಯಾಸವಾಯಿತು. ಇಪ್ಪತ್ತು ಮೂವತ್ತರ ಸೈಟಿನಲ್ಲಿ ಎದ್ದ ಮನೆಗಳ ಕಿರಿದಾದ ಬಾಗಿಲಿಗೆ ಗಿಡ್ಡ ಹಸು ಹೇಳಿ ಮಾಡಿಸಿದ ಹಾಗಿತ್ತು. "ಕಪಿಲೆ ಹಸು ಸಾರ್, ಬೆಡ್‌ರೂಮಿನವರೆಗೂ ಹೋಗುತ್ತೆ," ಎಂದು ವೆಂಕಟಗಿರಿ ಫೋನಿನಲ್ಲಿ ಹೇಳುವುದನ್ನು ಅವಳು ಕೇಳಿದ್ದಳು. ಹೋಮದ ಹೊಗೆಗೆ ಕೆಂದಿ ಬೆದರುತ್ತಿತ್ತು. ಮನೆಯೊಳಗೆ ಗಂಜಲ ಹಾಕಿದರೆ ಶುಭವೆಂದು ಜನ ಬೆಲ್ಲ, ಅಕ್ಕಿ, ಬಾಳೆಹಣ್ಣು ತುರುಕುತ್ತ ಸುತ್ತ ಕಾಯುತ್ತಿದ್ದರು. ಮರುದಿನ ಅದರ ಹೊಟ್ಟೆ ಬಿಗಿಯುತ್ತಿತ್ತು. ಅವಳು ಜಗಳವಾಡಿದರೆ ಕೆಂಚಪ್ಪನದು ಒಂದೇ ಮಾತು: "ತಮ್ಮ ಮಾತು ಕೊಟ್ಟವ್ನೆ, ಇದೊಂದ್ಸಲ ಕಳಿಸು."

ತಾವರೆಕೆರೆಯ ಹತ್ತಿರ ಒಬ್ಬರಲ್ಲಿದ್ದ ಗಿಡ್ಡ ಹೋರಿಯಿಂದ ಕೆಂದಿ ಗಬ್ಬವಾಯಿತು. ತಿಂಗಳು ತುಂಬುತ್ತ ಬಂದಾಗ ವೆಂಕಟಗಿರಿ ವಿಜಯನಗರದ ಮನೆಯೊಂದಕ್ಕೆ ಒಪ್ಪಿಕೊಂಡು ಬಂದ. ಪೂಜೆ ಮೂರನೇ ಮಹಡಿಯಲ್ಲಿ.

"ಹೊಟ್ಟೆ ನೋಡೋ ಅದರದ್ದು. ಮೆಟ್ಲು ಹತ್ತುತ್ತಾ ಅದು?"

"ಗಬ್ಬದ ಹಸು ಬಂದ್ರೆ ಇನ್ನೂ ಶ್ರೇಷ್ಠ ಅಂದ್ರು ಅತ್ತಿಗೆ. ಮುಂಗಡ ಇಸ್ಕೊಂಡಾಗಿದೆ. ನೀವೇ ಜೊತೆಗೆ ಬನ್ನಿ, ಹುಷಾರಾಗಿ ಹತ್ತಿಸಿ."

ತಾನು ಹೋಗದಿದ್ದರೂ ಅವನು ಬಿಡುವವನಲ್ಲ ಎಂದು ಯಶೋದಮ್ಮ ಹೊರಟಳು. ಮೆಟ್ಟಿಲುಗಳೆಲ್ಲ ಕನ್ನಡಿಯಂಥ ಕಪ್ಪು ಗ್ರಾನೈಟು, ಆಗಷ್ಟೇ ತೊಳೆದಿದ್ದರು. ಗೋಣಿಚೀಲ ಹಾಸಿ ಎಂದು ಅವಳು ಕೇಳಿದಳು. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಎಂದರು. ಕೆಂದಿ ಅವಳ ಮುಖ ನೋಡುತ್ತ ಒಂದೊಂದೇ ಕಾಲಿಟ್ಟು ಹತ್ತಿತು. ಎರಡನೇ ಮಹಡಿಯ ತಿರುವಿನಲ್ಲಿ ವಾಲಗದವರು ಒಮ್ಮೆಲೇ ಶುರು ಮಾಡಿದರು. ಹಿಂಗಾಲು ಎರಡೂ ಎರಡು ಕಡೆಗೆ ಜಾರಿದವು. ಲಟಕ್ಕೆಂದ ಸದ್ದು ವಾಲಗದ ನಡುವೆಯೂ ಅವಳಿಗೆ ಕೇಳಿಸಿತು.

ಕೆಂದಿ ಏಳಲಿಲ್ಲ. ರೇಷ್ಮೆ ಸೀರೆಯ ಮನೆಯೊಡತಿ ಮೇಲಿನಿಂದ ಬಗ್ಗಿ ನೋಡಿದರು. "ಅಯ್ಯೋ, ಇಲ್ಲೇ ಏನಾದ್ರೂ ಆಗ್ಬಿಟ್ರೆ ಅಪಶಕುನ. ಮೊದ್ಲು ಕೆಳಗಿಳಿಸಿ." ಪುರೋಹಿತರು ವಾಚು ನೋಡಿದರು. "ಮುಹೂರ್ತ ಇನ್ನೂ ಇದೆ. ಬೇರೆ ಹಸು ಸಿಗುತ್ತೇನಪ್ಪ?"

"ಇದೆ ಸಾರ್, ಜೋಡಿದು ಮನೇಲಿದೆ," ಎಂದ ವೆಂಕಟಗಿರಿ.

ಗೋಣಿಚೀಲಗಳು ಆಗ ಬಂದವು. ಅವುಗಳಲ್ಲೇ ಹೊತ್ತು ಇಳಿಸಿ ಕೆಂದಿಯನ್ನು ಟೆಂಪೋದಲ್ಲಿ ಮಲಗಿಸಿದರು. ಯಶೋದಮ್ಮ ಡಾಕ್ಟರಿಗೆ ಕಾಯುತ್ತ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ, ಇನ್ನೊಂದು ಗಾಡಿ ಬಂದು ನಿಂತಿತು. ಮಚ್ಚೆಯನ್ನು ಇಳಿಸಿದವನು ಕೆಂಚಪ್ಪ. ಅವಳ ಕಡೆ ನೋಡದೆ ಹಗ್ಗ ಹಿಡಿದು ಒಳಗೆ ನಡೆದ. ಸ್ವಲ್ಪ ಹೊತ್ತಿಗೆ ಮೇಲೆ ಮಂಗಳವಾದ್ಯ ಜೋರಾಯಿತು.

ಸೊಂಟದ ಮೂಳೆ ಬಿಟ್ಟಿದೆ, ಇನ್ನು ನಿಲ್ಲುವುದಿಲ್ಲ ಎಂದರು ಡಾಕ್ಟರು. ಮಾರನೆಯ ದಿನ ಕರು ಸತ್ತೇ ಹುಟ್ಟಿತು. ಯಶೋದಮ್ಮ ಅದನ್ನು ತೆಂಗಿನ ಬುಡದಲ್ಲಿ ತಾನೇ ಗುಂಡಿ ತೋಡಿ ಮುಚ್ಚಿದಳು. ಕೆಂದಿಗೆ ಮಲಗಿದಲ್ಲೇ ನೀರು ಕುಡಿಸಿದಳು, ಹುಣ್ಣಾಗದಂತೆ ಮಗ್ಗುಲು ಹೊರಳಿಸಿದಳು. ಒಂದು ಮಧ್ಯಾಹ್ನ ಹಿಂಡಿ ತರಲು ಹೋಗಿ ಬಂದರೆ ಕೊಟ್ಟಿಗೆಯಲ್ಲಿ ಕೆಂದಿ ಇರಲಿಲ್ಲ.

"ಗೋಶಾಲೆಗೆ ಬಿಟ್ಟು ಬಂದೆ ಅತ್ತಿಗೆ. ಅಲ್ಲಿ ಚೆನ್ನಾಗಿ ನೋಡ್ಕೋತಾರೆ," ಎಂದ ವೆಂಕಟಗಿರಿ.

"ಯಾವ ಗೋಶಾಲೆ?"

ಅವನು ಮೊಬೈಲ್ ಕಿವಿಗಿಟ್ಟುಕೊಂಡು ಹೊರಗೆ ಹೋದ. ಅವಳು ಗಂಡನ ಕಡೆ ತಿರುಗಿದಳು. ಕೆಂಚಪ್ಪ ಊಟದ ತಟ್ಟೆಗೆ ಇನ್ನೊಂದಿಷ್ಟು ಸಾರು ಹಾಕಿಕೊಂಡ. ಮೈದುನನ ಜೊತೆ ಅವಳು ಆಮೇಲೆ ಮಾತೇ ಆಡಲಿಲ್ಲ.

ಮಚ್ಚೆಯನ್ನು ಮತ್ತೆ ಗೇಟು ದಾಟಿಸಲಿಲ್ಲ. ಕೊಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ತಾಳಿಯ ಜೊತೆ ಪೋಣಿಸಿಕೊಂಡಳು. ತಾವರೆಕೆರೆಯವರು ಆ ಹೋರಿಯನ್ನು ಅಷ್ಟರಲ್ಲಿ ಮಾರಿಬಿಟ್ಟಿದ್ದರು. ಗಬ್ಬದ ಇಂಜೆಕ್ಷನ್ ಕೊಡುವವನ ಹತ್ತಿರ ಇದ್ದದ್ದು ಬರೀ ಸೀಮೆ ಹೋರಿಯ ವೀರ್ಯ. ಅಷ್ಟು ದೊಡ್ಡ ಕರು ಈ ಪುಟ್ಟ ಹೊಟ್ಟೆಯಿಂದ ಹೊರಬರುವುದು ಹೇಗೆಂದು ಅವಳು ಬೇಡವೆಂದಳು. ಮಚ್ಚೆಯ ಹಾಲು ಬತ್ತಿತು. ಮನೆಗೆ ಪ್ಯಾಕೆಟ್ ಹಾಲು ಬರತೊಡಗಿತು.

"ಗೊಡ್ಡು ಹಸು ಇಟ್ಕೊಂಡು ಏನ್ ಮಾಡ್ತೀಯ? ಕಳಿಸಿಬಿಡೋಣ," ಎಂದು ಕೆಂಚಪ್ಪ ಒಂದು ದಿನ ಕಾಫಿ ಕುಡಿಯುತ್ತ ಅಂದ.

"ಎಲ್ಲಿಗೆ, ಗೋಶಾಲೆಗಾ?" ಎಂದಳು ಯಶೋದಮ್ಮ.

ಅವನು ಲೋಟ ಕೆಳಗಿಟ್ಟು ಡ್ಯೂಟಿಗೆ ಹೊರಟ.